ಲುಬ್ಲಿನ್ನಿಗೆ ಹೋದ ತಂಗಡಿ ಸೊಪ್ಪು

ಕೊಟ್ಟೂರು

ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಮಾಡುವುದು ನನ್ನ ಕೆಲಸ ಎಂದರೆ ಕೊಟ್ಟೂರಿನಲ್ಲಿ ಜನ ನಗುತ್ತಾರೆ. ಬೆಳ್ಳಿ ಕಾಣದಂತಾಗಲು ಅಷ್ಟೆಲ್ಲ ಓದಬೇಕಾ ಮೇಡಮ್ಮಾರೆ, ಮಗಳ ಮದುವೆ ಮಾಡಿದರೆ ಸಾಕಲ್ಲ ಎಂದು ನಮ್ಮ ಓಣಿಯ ಹಿರಿಯರೊಬ್ಬರು ಕೇಳಿದ್ದರು. ನಾನು ಇಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕೂಡ್ಲಿಗಿ ದಾಟಿ ಗುಡೇಕೋಟೆ ಕಡೆ ಹೋದರೆ ಕುರುಚಲು ಗುಡ್ಡಗಳ ತುಂಬ ತಂಗಡಿ ಗಿಡ. ಕೇಳುವವರಿಲ್ಲದೆ ಬೆಳೆದು ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದೆ, ಕುರಿ ಕೂಡ ಮೂಸಿ ಮುಂದೆ ಹೋಗುತ್ತದೆ. ಆ ಎಲೆಯ ಕಷಾಯವನ್ನು ಸಿಲ್ವರ್ ನೈಟ್ರೇಟ್ ಕರಗಿಸಿದ ನೀರಿಗೆ ಬೆರೆಸಿದರೆ, ಬಣ್ಣವೇ ಇಲ್ಲದ ನೀರು ನೋಡನೋಡುತ್ತ ಹಳದಿಯಾಗುತ್ತದೆ. ಬೆಳ್ಳಿಯ ಅತಿ ಸಣ್ಣ ಕಣಗಳು, ಅಂದರೆ ನ್ಯಾನೋ ಕಣಗಳು, ಹುಟ್ಟಿವೆ ಎಂಬುದಕ್ಕೆ ಅದೇ ಗುರುತು. ಪಾದರಸದ ಅಂಶ ಸೇರಿದ ನೀರನ್ನು ಆ ಹಳದಿಗೆ ಹಾಕಿದರೆ ಬಣ್ಣ ಮಾಯವಾಗುತ್ತದೆ. ಹೀಗೆ ಕುಡಿಯುವ ನೀರಿನಲ್ಲಿ ವಿಷವಿದೆಯೋ ಇಲ್ಲವೋ ಬಣ್ಣ ನೋಡಿಯೇ ಹೇಳಬಹುದು. ಯಂತ್ರ ಇದ್ದವರು ಬೆಳಕು ಹಾಯಿಸಿ ಇನ್ನೂ ಸರಿಯಾಗಿ ಅಳೆಯಬಹುದು.

ಕೇಳುವುದಕ್ಕೆ ಗಾರುಡಿಗರ ಆಟದಂತಿದೆ. ಆದರೆ ಆಡುವವಳು ನಾನಲ್ಲ, ರೇಣುಕಾ. ಹಗರಿಬೊಮ್ಮನಹಳ್ಳಿಯ ಈ ಹುಡುಗಿ ನನ್ನ ಸಂಶೋಧನಾ ವಿದ್ಯಾರ್ಥಿನಿ. ನಾನು ಅವಳ ಗೈಡು. ಗೈಡು ಎಂದರೆ ಕುರ್ಚಿಯಲ್ಲಿ ಕುಳಿತು, ಸಿದ್ಧವಾಗಿ ಬಂದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಂದು ಸಲ ಮಾಡು ಎನ್ನುವವಳು. ಅವಳು ಎಲೆ ಕುದಿಸಿದ ದಿನ ಇಡೀ ಕಾರಿಡಾರು ಒಗರು ವಾಸನೆ ಹೊಡೆಯುತ್ತದೆ. ಪಕ್ಕದ ಕೋಣೆಯ ಇತಿಹಾಸದ ಮೇಷ್ಟ್ರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಹಾದುಹೋಗುತ್ತಾರೆ. ಸಿಲ್ವರ್ ನೈಟ್ರೇಟ್ ತಾಗಿದ ಚರ್ಮ ಬಿಸಿಲು ಕಂಡರೆ ಕಪ್ಪಾಗುತ್ತದೆ. ರೇಣುಕಾಳ ಬೆರಳ ತುದಿಗಳು ಯಾವಾಗಲೂ ಕಪ್ಪು. ಬಸುರಿಗೆ ಮಾಡುವ ಕುಬುಸದ ದಿನ ಅವಳ ಕೈತುಂಬ ಹಸಿರು ಬಳೆ, ತುದಿಯಲ್ಲಿ ಕರಿ ಬೆರಳು. ಬಳೆ ಇಡಿಸಲು ಬಂದ ಹೆಂಗಸರು ಈ ಹುಡುಗಿ ಯಾವ ಒಲೆ ಬಳಿದು ಬಂದಿದ್ದಾಳೆ ಎಂದು ಬೆರಗಾದರು.

ಪೋಲೆಂಡಿನ ಲುಬ್ಲಿನ್ ಎಂಬ ಊರಿನಿಂದ ಈಮೇಲ್ ಬಂದದ್ದು ಅದೇ ವಾರ. ಅಲ್ಲಿನ ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕಿ ಹಾನ್ನಾ ಎಂಬುವರು ನಮ್ಮ ಲೇಖನ ಓದಿ, ನಾವೇ ಕಳಿಸಿಕೊಟ್ಟಿದ್ದ ಎಲೆ ಪುಡಿಯಿಂದ ಪ್ರಯೋಗ ಮಾಡಿ ನೋಡಿದ್ದರು. ಹಳದಿ ಬಂದಿರಲಿಲ್ಲ. ಹಲವು ಸಲ ಮಾಡಿದರೂ ಬಂದಿರಲಿಲ್ಲ. ನಿಮ್ಮ ವಿಧಾನ ನಮ್ಮಲ್ಲಿ ಫಲ ಕೊಡಲಿಲ್ಲ ಎಂದು ಪತ್ರಿಕೆಗೆ ಬರೆಯುವ ಮೊದಲು ಒಮ್ಮೆ ಬಂದು ಮಾಡಿ ತೋರಿಸುವಿರಾ, ಖರ್ಚು ನಮ್ಮದು ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ರೇಣುಕಾಳ ಪ್ರಬಂಧ ಆಗ ಪರೀಕ್ಷಕರ ಮೇಜಿನ ಮೇಲಿತ್ತು. ಲುಬ್ಲಿನ್ನಿನವರು ಹಾಗೆ ಬರೆದುಬಿಟ್ಟರೆ ಅವಳ ಇಷ್ಟು ವರ್ಷದ ದುಡಿಮೆ ಸುಳ್ಳು ಎಂದಾಗುತ್ತದೆ. ತುಂಬು ಬಸುರಿ ಅಷ್ಟು ದೂರ ಹಾರುವಂತಿಲ್ಲ. ಹಾಗಾಗಿ ಕುರ್ಚಿಯಲ್ಲಿ ಕುಳಿತವಳೇ ಎದ್ದು ಹೊರಡಬೇಕಾಯಿತು.

ನಾನು ರೇಣುಕಾಳಿಗೆ ಧೈರ್ಯ ಹೇಳಲು ಹೋದೆ. ನಮ್ಮ ಪ್ರಯೋಗಾಲಯದಲ್ಲಿ ಪ್ರತಿ ಸಲವೂ ಬಂದಿದೆಯಲ್ಲ, ಏನು ಚಿಂತೆ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

"ನಮ್ಮ ಕೈಯಾಗ ಬಂದ್ರ ಏನ್ ಬಂತ್ರಿ ಮೇಡಂ. ಬ್ಯಾರೆಯವ್ರ ಕೈಯಾಗ ಬಂದ್ರ ಅದು ಖರೆ" ಎಂದಳು.

ಹೊರಡುವ ದಿನ ಅವ್ವ ಹಡಗಲಿ ಕಡೆಯ ನಮ್ಮ ಹಳ್ಳಿಯಿಂದ ಬಂದಳು. ನಮ್ಮದು ಕುರಿ ಸಾಕುವ ಮನೆತನ, ಮೈಲಾರಲಿಂಗನ ಒಕ್ಕಲು. ದೇವರ ಭಂಡಾರ, ಅಂದರೆ ಪೂಜೆಯ ಅರಿಶಿನ ಪುಡಿ, ಒಂದು ಪೊಟ್ಟಣದಲ್ಲಿ ಕಟ್ಟಿ ತಂದಿದ್ದಳು.

"ಕೆಲ್ಸ ಸುರು ಮಾಡೂಮುಂದ ಒಂದು ಚಿಟಿಕಿ ಹಚ್ಚವ್ವ. ಮರೀಬ್ಯಾಡ" ಎಂದಳು.

ಎರಡು ಪೊಟ್ಟಣ ಬ್ಯಾಗಿಗೆ ಹೋದವು, ಒಂದರಲ್ಲಿ ತಂಗಡಿ ಎಲೆಯ ಪುಡಿ, ಇನ್ನೊಂದರಲ್ಲಿ ಭಂಡಾರ.

ವಾರ್ಸಾ

ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನನ್ನ ಚೀಲ ಸರಿಸಿದರೂ ಜಗಳಕ್ಕೆ ನಿಲ್ಲುವವಳು ನಾನು. ವಾರ್ಸಾ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ಇಡೀ ಬ್ಯಾಗ್ ಬಿಚ್ಚಿ ಹರವಿದಾಗ ಮದುಮಗಳ ಹಾಗೆ ತಲೆ ತಗ್ಗಿಸಿ ನಿಂತಿದ್ದೆ. ಎಲೆ ಪುಡಿಗೆ ಬೇಕಾದ ಕಾಗದ ಪತ್ರ ಹಾನ್ನಾ ಮಾಡಿಸಿಟ್ಟಿದ್ದರು. ಆದರೂ ಅಧಿಕಾರಿ ಇದರಿಂದ ಏನು ಮಾಡುತ್ತೀರಿ ಎಂದು ಕೇಳಿದರು. ನಿದ್ದೆಗೆಟ್ಟ ತಲೆ, ಬೆಳ್ಳಿ ಮಾಡುತ್ತೇನೆ ಎಂದುಬಿಟ್ಟೆ. ಅವರು ಪಕ್ಕದವರನ್ನು ಕರೆದರು. ಇಬ್ಬರೂ ಎಲೆ ಪುಡಿಯನ್ನೂ ನನ್ನ ಕಿವಿಯ ಓಲೆಯನ್ನೂ ಬದಲಿಸಿ ಬದಲಿಸಿ ನೋಡಿದರು.

ಆಮೇಲೆ ಭಂಡಾರದ ಸರದಿ. ಇದೇನು ಎಂದರು. ದೇವರದ್ದು ಎಂದೆ. ಅವರು ಬೆರಳು ಅದ್ದಿ ಮೂಸಿ, ಅಡುಗೆಮನೆಯ ಯಾವುದೋ ಡಬ್ಬಿ ನೆನಪಾದವರಂತೆ ನಕ್ಕು, ಹೋಗಿ ಎಂದು ಕೈ ಮಾಡಿದರು. ನಾನು ಬ್ಯಾಗ್ ಮುಚ್ಚುವ ತನಕವೂ ಆ ಬೆರಳನ್ನು ಪ್ಯಾಂಟಿಗೆ ಉಜ್ಜುತ್ತಲೇ ಇದ್ದರು. ಬೆರಳಿನದು ಹೋಗಲಿಲ್ಲ, ಪ್ಯಾಂಟಿಗೂ ಹತ್ತಿತು. ಅರಿಶಿನ ಒಮ್ಮೆ ಹಿಡಿಯಿತೆಂದರೆ ಸುಲಭಕ್ಕೆ ಬಿಡುವುದಿಲ್ಲ ಎಂದು ಪಾಪ, ಅವರಿಗೇನು ಗೊತ್ತು ಎಂದುಕೊಂಡೆ. ನನಗೆ ಗೊತ್ತಿದ್ದೂ ಏನು ಮಾಡಿಕೊಂಡೆ ಎಂಬುದು ಮುಂದೆ ಬರುತ್ತದೆ.

ಲುಬ್ಲಿನ್, ಮೊದಲ ದಿನ

ಲುಬ್ಲಿನ್ನಿನಲ್ಲಿ ನೆತ್ತಿಯ ಮೇಲಿನ ತಂತಿ ಹಿಡಿದುಕೊಂಡು ಓಡುವ ಬಸ್ಸುಗಳಿವೆ. ಅದರೊಳಗೆ ಜನ ಪರೀಕ್ಷೆಗೆ ಕುಳಿತವರಂತೆ ಸುಮ್ಮನಿರುತ್ತಾರೆ. ಕೊಟ್ಟೂರಿನಿಂದ ಹರಪನಹಳ್ಳಿಗೆ ಬಸ್ಸು ಮುಟ್ಟುವಷ್ಟರಲ್ಲಿ ಪಕ್ಕದ ಸೀಟಿನಾಕೆಗೆ ನನ್ನ ಸಂಬಳ, ಸಕ್ಕರೆ ಕಾಯಿಲೆ, ನಾದಿನಿಯ ಗುಣ ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ನಾನು ಪಕ್ಕದವರನ್ನು ನೋಡಿ ನಕ್ಕರೆ ಅವರು ತಮ್ಮ ಕೋಟಿಗೆ ಏನಾದರೂ ಅಂಟಿದೆಯೇ ಎಂದು ನೋಡಿಕೊಂಡರು. ಆದರೆ ಇದೇ ಜನ ಲಿಫ್ಟಿನೊಳಗೆ ಬಂದ ಕೂಡಲೇ ಗುರುತಿಲ್ಲದವರಿಗೂ ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಹೋಗಿ ಬರುತ್ತೇನೆ ಎನ್ನುತ್ತಾರೆ. ಬಸ್ಸಿನಲ್ಲಿ ಇಲ್ಲದ ನಂಟು ಲಿಫ್ಟಿನಲ್ಲಿ ಎಲ್ಲಿಂದ ಬರುತ್ತದೋ ನನಗೆ ತಿಳಿಯಲಿಲ್ಲ. ಮೊದಲ ದಿನ ಒಬ್ಬ ಅಜ್ಜಿ ಹಾಗೆ ಹೇಳಿ ಇಳಿದಾಗ, ಪರಿಚಯದವರಿರಬೇಕೆಂದು ಹಿಂದೆಯೇ ಇಳಿದುಬಿಟ್ಟೆ. ಬೇರೆ ಯಾವುದೋ ಮಹಡಿ ಅದು.

ಹಾನ್ನಾ ನನ್ನ ವಯಸ್ಸಿನವರೇ, ಎತ್ತರದ ಆಳು, ಮಾತು ಮೆಲ್ಲಗೆ. ಅವರ ಪ್ರಯೋಗಾಲಯವನ್ನು ನೋಡಿಕೊಳ್ಳುವವರು ಮಾರೆಕ್, ನಿವೃತ್ತಿಗೆ ಹತ್ತಿರವಾದವರು, ಬಿಳಿ ಮೀಸೆ. ಕೈಗವಸು ತೊಡದೆ ಬಾಗಿಲ ಹಿಡಿಕೆಯನ್ನೂ ಮುಟ್ಟದ ಶಿಸ್ತು ಅವರದು. ಅಲ್ಲಿನ ಗಾಜಿನ ಪಾತ್ರೆಗಳ ಹೊಳಪು ಕಂಡು ನಮ್ಮ ಕಾಲೇಜಿನ ಬೀಕರುಗಳನ್ನು ನೆನೆದು ನಾಚಿಕೆಯಾಯಿತು.

ಮಾರೆಕ್ ಮೊದಲು ಚಹಾ ಕೊಟ್ಟರು. ಗಾಜಿನ ಲೋಟ, ಬಿಸಿನೀರು, ಅದರಲ್ಲಿ ದಾರ ಕಟ್ಟಿದ ಸಣ್ಣ ಚೀಲ. ಚೀಲವನ್ನು ಅದ್ದಿದರು, ಸ್ವಲ್ಪ ಕಾದರು, ನೋವಾದೀತೆಂಬಂತೆ ಹೊರಗೆ ತೆಗೆದರು. ಮೇಲೊಂದು ನಿಂಬೆ ಹೋಳು. ಅದನ್ನು ಚಹಾ ಎನ್ನುವುದಕ್ಕಿಂತ ಚಹಾ ಪುಡಿಯ ಪಕ್ಕ ಇಟ್ಟಿದ್ದ ನೀರು ಎನ್ನಬಹುದು. ಸ್ವಲ್ಪ ಹಾಲು ಸಿಗುತ್ತದೆಯೇ ಎಂದು ಕೇಳಿದೆ. ಮಾರೆಕ್ ನನ್ನ ನರೆತ ಕೂದಲನ್ನು ನೋಡಿ ಮೀಸೆಯೊಳಗೆ ನಕ್ಕರು. ಅವರಲ್ಲಿ ಹಾಲು ಹಾಕಿದ ಚಹಾ ಬಾಣಂತಿಯರಿಗಂತೆ, ಎದೆಹಾಲು ಹೆಚ್ಚಲಿ ಎಂದು. ಹಾನ್ನಾ ಇದನ್ನು ವಿವರಿಸುವಾಗ ಕಿವಿಯವರೆಗೆ ಕೆಂಪಾದರು. ನಾನು ನಿಂಬೆ ನೀರನ್ನೇ ಕುಡಿದೆ.

ಅತಿಥಿಗೆ ತೊಂದರೆ ಬೇಡ ಎಂದು ಮಾರೆಕ್ ತಂಗಡಿ ಕಷಾಯವನ್ನು ಮುಂಚೆಯೇ ತೆಗೆದು ಫ್ರಿಜ್ಜಿನಲ್ಲಿಟ್ಟಿದ್ದರು. ಬಾಟಲಿಯ ಮೇಲೆ ಮುತ್ತಿನಂಥ ಅಕ್ಷರ. ಒಳಗಿನ ಕಷಾಯ ಮಾತ್ರ ಒಣಹುಲ್ಲು ನೆನೆಸಿದ ನೀರಿನಂತಿತ್ತು, ವಾಸನೆಯೂ ಇರಲಿಲ್ಲ. ನಮ್ಮಲ್ಲಿ ಅದು ಕಂದು ಬಣ್ಣ ಇರುತ್ತದೆ. ಕೇಳೋಣವೆಂದುಕೊಂಡೆ. ಅಷ್ಟು ಅಕ್ಕರೆಯಿಂದ ಮಾಡಿಟ್ಟವರಿಗೆ ಇದೇಕೆ ಇಷ್ಟು ತೆಳ್ಳಗೆ ಎನ್ನಲು ನಾಲಿಗೆ ಏಳಲಿಲ್ಲ. ಅವರ ಚಹಾಕ್ಕೂ ಏಳಲಿಲ್ಲವಲ್ಲ. ಯುರೋಪಿನವರು ಚೆನ್ನಾಗಿ ಸೋಸುತ್ತಾರೆ, ಅದಕ್ಕೇ ತಿಳಿ ಎಂದು ನನಗೆ ನಾನೇ ಹೇಳಿಕೊಂಡೆ. ಸಿಲ್ವರ್ ನೈಟ್ರೇಟಿಗೆ ಬೆರೆಸಿ ಎಲ್ಲರೂ ಸುತ್ತ ನಿಂತೆವು. ನೀರು ನೀರಾಗಿಯೇ ಇತ್ತು. ಊಟ ಮುಗಿಸಿ ಬಂದೆವು, ಆಗಲೂ ಹಾಗೆಯೇ ಇತ್ತು. ಬಿಸಿಲು ಕಡಿಮೆ ಇರಬೇಕು ಎಂದೆ. ಮಾರೆಕ್ ದೀಪ ತಂದು ಹಚ್ಚಿದರು. ಎಲೆಗೆ ಪ್ರಯಾಣದ ಆಯಾಸ ಎಂದೆ. ಹಾನ್ನಾ ಅದನ್ನೂ ಒಪ್ಪಿಕೊಂಡಂತೆ ತಲೆಯಾಡಿಸಿದರು. ಅವರ ಸಭ್ಯತೆಯೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಧ್ಯಾಹ್ನ ರೇಣುಕಾಳ ಫೋನು ಬಂತು. ಬಣ್ಣ ಹೇಗೆ ಬಂತು ಎಂದು ಕೇಳಿದಳು. ಹೆರಿಗೆ ಹತ್ತಿರ ಇರುವವಳಿಗೆ ಚಿಂತೆ ಹಚ್ಚುವುದೇ? ಇನ್ನೂ ಸಾಮಾನು ಜೋಡಿಸುತ್ತಿದ್ದೇವೆ, ಇಲ್ಲಿ ಎಲ್ಲ ನಿಧಾನ ಎಂದು ಇಡೀ ಪೋಲೆಂಡಿನ ಮೇಲೆ ಹಾಕಿ ತಪ್ಪಿಸಿಕೊಂಡೆ.

ಭಂಡಾರ

ಮರುದಿನ ಎಲ್ಲರಿಗಿಂತ ಮೊದಲು ಪ್ರಯೋಗಾಲಯಕ್ಕೆ ಹೋದೆ. ಅವ್ವನ ಮಾತು ಮರೆತದ್ದೇ ನಿನ್ನೆಯ ಸೋಲಿಗೆ ಕಾರಣ ಎಂದು ನಾನು ನಂಬಿದ್ದೆ ಎನ್ನಲಾರೆ. ನಂಬಿರಲಿಲ್ಲ ಎಂದೂ ಹೇಳಲಾರೆ. ನಮ್ಮ ಕಾಲೇಜಿನಲ್ಲಿ ಆಯುಧಪೂಜೆಯ ದಿನ ತಕ್ಕಡಿ, ಬರ್ನರು, ಫ್ರಿಜ್ಜು ಎಲ್ಲಕ್ಕೂ ಅರಿಶಿನ ಕುಂಕುಮ ಬೀಳುತ್ತದೆ, ಯಾರ ಪ್ರಯೋಗವೂ ಅದರಿಂದ ಕೆಟ್ಟಿಲ್ಲ. ಪೊಟ್ಟಣ ಬಿಚ್ಚಿ ಹಣೆಗೆ ಹಚ್ಚಿಕೊಂಡೆ. ಆಮೇಲೆ ಒಂದು ಫ್ಲಾಸ್ಕನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಇನ್ನೂ ಒದ್ದೆಯಿದ್ದ ಅದರ ಬಾಯಿಗೆ ಒಂದು ಚಿಟಿಕೆ ಮುಟ್ಟಿಸಿ ಕೈ ಮುಗಿದೆ. ಆ ಕ್ಷಣ ಯಾರಾದರೂ ನೀವು ಏನು ಓದಿದ್ದೀರಿ ಎಂದು ಕೇಳಿದ್ದರೆ ಹೇಳಲು ಕಷ್ಟವಾಗುತ್ತಿತ್ತು.

ಅವರಿಬ್ಬರೂ ಬಂದರು. ಅದೇ ಫ್ಲಾಸ್ಕು, ಅದೇ ತೆಳು ಕಷಾಯ, ಸಿಲ್ವರ್ ನೈಟ್ರೇಟ್. ಬಿರಡೆ ಹಾಕಿ ಅಲುಗಾಡಿಸಿದೆ. ಹಳದಿ ಬಂತು.

ಮಾರೆಕ್ ಚಪ್ಪಾಳೆ ತಟ್ಟಿದರು. ಹಾನ್ನಾ ಯಂತ್ರದಲ್ಲಿಟ್ಟು ಬೆಳಕು ಹಾಯಿಸಿದರು. ಪರದೆಯ ಮೇಲೆ ಒಂದು ಗುಡ್ಡದ ಆಕಾರದ ಗೆರೆ ಎದ್ದಿತು, ಬೆಳ್ಳಿಯ ಗುಡ್ಡ ಎಲ್ಲಿ ಏಳಬೇಕೋ ಹೆಚ್ಚುಕಡಿಮೆ ಅಲ್ಲಿಯೇ. ಅಗಲ ತುಸು ಜಾಸ್ತಿ. ಗುಡೇಕೋಟೆಯ ಗುಡ್ಡದ ಎಲೆ ತಾನೇ, ಅಗಲವಾಗಿಯೇ ಇರುತ್ತದೆ ಎಂದು ಹಾಸ್ಯ ಮಾಡಿದೆ. ಆಗಲೇ ರೇಣುಕಾಳಿಗೆ ಫೋನ್ ಮಾಡಬೇಕೆಂದು ಕೈ ತುರಿಸುತ್ತಿತ್ತು. ಸದ್ಯ, ಮಾಡಲಿಲ್ಲ. ಹಾನ್ನಾ ಬೀಗ ಹಾಕಿದ ಕಪಾಟಿನಿಂದ ಪಾದರಸದ ಅಂಶವಿರುವ ನೀರು ತೆಗೆಸಿ ಒಂದು ಹನಿ ಹಾಕಿದರು. ಬಣ್ಣ ಹೋಗಲಿಲ್ಲ. ಇನ್ನೊಂದು ಹನಿ ಹಾಕಿದರು. ಹಳದಿ ಎದುರು ಕೂತ ಹಟಮಾರಿ ಮಗುವಿನಂತೆ ಅಲ್ಲಾಡದೆ ನಮ್ಮನ್ನೇ ನೋಡಿತು.

ನಾನು ನನ್ನ ಉಗುರು ನೋಡಿಕೊಂಡೆ. ಅದೂ ಹಳದಿ.

ಅಷ್ಟು ಹೊತ್ತಿಗೆ ನನಗೆ ತಿಳಿದುಹೋಗಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ನಮ್ಮಲ್ಲಿ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿ ಕೆಂಪಾಗಿಸಿ ಆರತಿ ಎತ್ತುವುದು ಸಣ್ಣ ಮಕ್ಕಳಿಗೂ ಗೊತ್ತು. ಸುಣ್ಣ ಇರಲಿಲ್ಲ, ಕಾಸ್ಟಿಕ್ ಸೋಡಾ ಇತ್ತು. ಸ್ವಲ್ಪ ದ್ರಾವಣವನ್ನು ಬೇರೆ ಕೊಳವೆಗೆ ಹಾಕಿ ಒಂದು ಹನಿ ಬಿಟ್ಟೆ. ಕೆಂಪಗೆ, ಚೆಂದಗೆ, ಮದುವೆ ಮನೆಯಲ್ಲಿ ಮದುಮಕ್ಕಳಿಗೆ ಎತ್ತುವಂಥ ಆರತಿ ನೀರು ಸಿದ್ಧವಾಯಿತು. ಪೋಲೆಂಡಿನಲ್ಲಿ ನನ್ನ ಮರ್ಯಾದೆಗೆ ನಾನೇ ಆರತಿ ಎತ್ತಿಕೊಂಡಿದ್ದೆ.

ಹೇಳದೆ ಉಪಾಯವಿರಲಿಲ್ಲ. ಪೊಟ್ಟಣ ತಂದು ಮೇಜಿನ ಮೇಲಿಟ್ಟು ಅವ್ವ, ಮೈಲಾರಲಿಂಗ, ಫ್ಲಾಸ್ಕಿನ ಬಾಯಿ ಎಲ್ಲವನ್ನೂ ಹೇಳಿದೆ. ನನ್ನ ಇಂಗ್ಲಿಷ್ ಅಂದು ಅಡಿಗಡಿಗೆ ಎಡವಿತು. ಮಾರೆಕ್ ಮುಖ ಗಂಭೀರ ಮಾಡಿಕೊಂಡು ಆ ಫ್ಲಾಸ್ಕನ್ನು ಒಯ್ದು ತೊಳೆಯಲು ನಿಂತರು. ಹಾನ್ನಾ ತಮ್ಮ ಬಿಳಿ ಕೋಟಿನ ಜೇಬಿಗೆ ಕೈ ಹಾಕಿ, ನುಣ್ಣಗೆ ಹೊಳೆಯುವ ಕಂದು ಬಣ್ಣದ ದಪ್ಪ ಬೀಜವೊಂದನ್ನು ತೆಗೆದು ಪೊಟ್ಟಣದ ಪಕ್ಕದಲ್ಲಿಟ್ಟರು. ಅದು ಕಾಡು ಚೆಸ್ಟ್‌ನಟ್ ಮರದ ಬೀಜ. ಶರತ್ಕಾಲದಲ್ಲಿ ಊರ ತುಂಬ ಉದುರುತ್ತದೆ. ಮೈಗೆ ಒಳ್ಳೆಯದೆಂದು ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಅಲ್ಲಿಯವರ ರೂಢಿಯಂತೆ.

"ನನ್ನ ಅಜ್ಜಿ ಕಲಿಸಿದ್ದು. ಇದು ಜೇಬಿನಲ್ಲಿ ಇಲ್ಲದ ದಿನ ನಾನು ಆ ಯಂತ್ರ ಹಚ್ಚುವುದಿಲ್ಲ" ಎಂದರು. ಪೊಟ್ಟಣದ ಕಡೆ ನೋಡಿ, "ಆದರೆ ಇದು ಬಣ್ಣ ಬಿಡುವುದಿಲ್ಲ" ಎಂದು ಸೇರಿಸಿದರು.

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು ಮುಖ್ಯವಾದದ್ದನ್ನು ಹೇಳಿದರು. ಸೋಮವಾರ ಇನ್ನೊಮ್ಮೆ ಮಾಡೋಣ. ಅಂದೂ ಬರದಿದ್ದರೆ ಬರಲಿಲ್ಲ ಎಂದು ಅವರು ಬರೆಯಲೇಬೇಕು, ನಾನು ಮನೆಗೆ ಬಂದ ಅತಿಥಿ ಎಂಬ ಕಾರಣಕ್ಕೆ ಬರೆಯದೆ ಇರಲಾಗದು. ಅದು ಸರಿಯಾದ ಮಾತು. ನಾನೇ ಆ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ರೇಣುಕಾಳ ಕರಿ ಬೆರಳು ಕಣ್ಣ ಮುಂದೆ ಬರುತ್ತಿತ್ತು.

ಸೇವಂತಿಗೆ

ಭಾನುವಾರ ಮಧ್ಯಾಹ್ನ ಹಾನ್ನಾ ಊಟಕ್ಕೆ ಕರೆದಿದ್ದರು. ಬರಿಗೈಯಲ್ಲಿ ಹೋಗುವುದು ಹೇಗೆ? ದಾರಿಯುದ್ದಕ್ಕೂ ಅಂಗಡಿಗಳ ಮುಂದೆ ಸೇವಂತಿಗೆ ಕುಂಡಗಳ ಸಾಲು. ಹಳದಿ, ಬಿಳಿ, ಕೆಂಪು. ನನಗೆ ಹಡಗಲಿ ಸಂತೆಯ ಹೂವಿನ ಬುಟ್ಟಿಗಳು ನೆನಪಾಗಿ ಕಣ್ಣು ತಂಪಾಯಿತು. ಇವರಿಗೂ ಏನೋ ಹಬ್ಬ ಬಂದಿದೆ, ಇವರೂ ನಮ್ಮಂತೆಯೇ ಎಂದು ಅಭಿಮಾನಪಟ್ಟು, ಇದ್ದುದರಲ್ಲಿ ದೊಡ್ಡ ಹಳದಿ ಕುಂಡವನ್ನು ಆರಿಸಿ ತಬ್ಬಿಕೊಂಡು ನಡೆದೆ. ದಾರಿಯಲ್ಲಿ ಜನ ನನಗೆ ಮರ್ಯಾದೆಯಿಂದ ದಾರಿ ಬಿಟ್ಟರು. ಸೀರೆಗೆ ಇಷ್ಟು ಗೌರವವೇ ಎಂದುಕೊಂಡೆ.

ಬಾಗಿಲು ತೆರೆದವರು ಹಾನ್ನಾ ಅವರ ಗಂಡ. ಕುಂಡ ನೋಡಿದರು, ನನ್ನನ್ನು ನೋಡಿದರು, ಒಳಗೆ ತಿರುಗಿ ಹೆಂಡತಿಯನ್ನು ಕರೆದರು. ಆ ದೇಶದಲ್ಲಿ ಸೇವಂತಿಗೆ ಸಮಾಧಿಯ ಹೂವು. ಸತ್ತವರ ಹಬ್ಬ ಹತ್ತಿರವಿತ್ತು, ಅದಕ್ಕೇ ಅಂಗಡಿ ತುಂಬ ಅದೇ. ಬದುಕಿರುವವರ ಮನೆಗೆ ಅದನ್ನು ಯಾರೂ ಒಯ್ಯುವುದಿಲ್ಲ. ಹಾನ್ನಾ ಮಾತ್ರ ಕುಂಡವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ನಾಳಿದ್ದು ನಾನೇ ಕೊಳ್ಳಬೇಕಿತ್ತು, ನೀವು ತಂದಿರಿ ಎಂದರು. ಊಟಕ್ಕೆ ಮೊದಲು ನಾವಿಬ್ಬರೂ ಹತ್ತಿರದ ಸ್ಮಶಾನಕ್ಕೆ ಹೋಗಿ ಅದನ್ನು ಅವರ ತಾಯಿಯ ಸಮಾಧಿಯ ಮೇಲಿಟ್ಟು ಬಂದೆವು. ಅಲ್ಲಿ ಮನೆಮಂದಿಯೆಲ್ಲ ಬಕೆಟ್ಟು ಬ್ರಶ್ಶು ಹಿಡಿದು ತಮ್ಮ ತಮ್ಮ ಹಿರಿಯರ ಕಲ್ಲುಗಳನ್ನು ತಿಕ್ಕಿ ತೊಳೆಯುತ್ತಿದ್ದರು. ನಮ್ಮಲ್ಲಿ ಮಾರ್ನಮಿ ಅಮಾಸೆಗೆ ಹಿರಿಯರಿಗೆ ಎಡೆ ಇಡುವ ಸಡಗರವೇ ಅದು. ನನ್ನ ಹೂವು ಹೋಗಬೇಕಾದ ಕಡೆಗೇ ಹೋಯಿತು ಎಂದು ಸಮಾಧಾನವಾಯಿತು.

ಊಟಕ್ಕೆ ಮಾರೆಕ್ ಕೂಡ ಬಂದಿದ್ದರು. ಊಟವಾದ ಮೇಲೆ ಮತ್ತೆ ಅದೇ ಗಾಜಿನ ಲೋಟ, ದಾರದ ಚೀಲ. ಇಷ್ಟು ದಿನ ತಡೆದಿದ್ದೆ, ಅಂದು ಆಗಲಿಲ್ಲ. ನಿಮಗೆ ನಮ್ಮ ಊರಿನ ಚಹಾ ಮಾಡಿ ಕೊಡುತ್ತೇನೆ ಎಂದು ಹಾನ್ನಾ ಅವರ ಅಡುಗೆಮನೆಗೆ ನುಗ್ಗಿದೆ. ಏನಾದರೂ ಅನಾಹುತವಾದೀತೆಂಬ ಅಂಜಿಕೆಯಿಂದ ಮಾರೆಕ್ ಹಿಂದೆಯೇ ಬಂದರು. ತಣ್ಣೀರಿಗೆ ಚಹಾ ಪುಡಿ, ಸಕ್ಕರೆ, ಜಜ್ಜಿದ ಶುಂಠಿ ಹಾಕಿ ಒಲೆ ಹಚ್ಚಿದೆ. ನೀರು ಮರಳತೊಡಗಿತು. ನಾನು ಹಾಲು ತರಲು ತಿರುಗಿದ್ದೇ ತಡ, ಮಾರೆಕ್ ಕೈ ಚಾಚಿ ಒಲೆ ಆರಿಸಿಬಿಟ್ಟರು.

"ಎಲೆಯನ್ನು ಬೆಂಕಿಯ ಮೇಲೆ ಇಡಬಾರದು ಮೇಡಂ, ಅದು ಹಾಳಾಗುತ್ತದೆ" ಎಂದರು. ಅವರ ದನಿಯಲ್ಲಿ ನಿಜವಾದ ಕಳವಳವಿತ್ತು.

ನಾನು ಹಾಲಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತೆ. ತಂಗಡಿ ಎಲೆಯನ್ನು ನೀವು ಹೇಗೆ ಮಾಡಿದಿರಿ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನೀರು ಕಾಯಿಸಿ, ಕೆಳಗಿಳಿಸಿ, ಎಲೆ ಹಾಕಿ, ಮುಚ್ಚಿಟ್ಟು, ಸ್ವಲ್ಪ ಹೊತ್ತಿಗೆ ಸೋಸಿದೆ. ಎಲೆಯ ರಸ ತೆಗೆಯುವುದು ಮತ್ತೆ ಇನ್ನು ಹೇಗೆ ಎಂದರು.

ನಮ್ಮ ಲೇಖನದಲ್ಲಿ ಇದ್ದದ್ದು ಇಷ್ಟೇ: ಬಿಸಿನೀರಿನಲ್ಲಿ ಎಂದಿನಂತೆ ಎಲೆಯ ಸಾರ ತೆಗೆಯಲಾಯಿತು. ಎಲ್ಲರೂ ಹಾಗೆಯೇ ಬರೆಯುತ್ತಾರೆ. ಎಂದಿನಂತೆ ಎಂದರೆ ಯಾರ ಎಂದಿನಂತೆ ಎಂದು ನಾವೂ ಯೋಚಿಸಲಿಲ್ಲ, ಅವರೂ ಕೇಳಲಿಲ್ಲ. ಅವರು ತಮ್ಮ ಮನೆಯ ಚಹಾ ಮಾಡಿದಂತೆ ಮಾಡಿದ್ದರು.

ಅಲ್ಲಿಂದಲೇ ರೇಣುಕಾಳಿಗೆ ಫೋನ್ ಮಾಡಿದೆ. ಕೊಟ್ಟೂರಿನ ಕಡೆ ಆಗಷ್ಟೇ ದೀಪ ಹಚ್ಚುವ ಹೊತ್ತು ಕಳೆದಿತ್ತು. ಸುತ್ತು ಬಳಸದೆ, ನೀನು ಎಲೆ ಹೇಗೆ ಕುದಿಸುತ್ತೀಯ ಎಂದು ಕೇಳಿದೆ.

"ಹೆಂಗ ಅಂದ್ರ? ತಣ್ಣೀರಿಗೆ ಎಲಿ ಹಾಕಿ ಒಲಿ ಮ್ಯಾಲ ಇಡೋದ್ರಿ. ಎರಡು ಸಲ ಉಕ್ಕು ಬರ್ಬೇಕು, ನೀರು ಅರ್ಧಕ್ಕ ಇಳೀಬೇಕು. ನಮ್ಮವ್ವ ಚಹಾ ಮಾಡಿದಂಗ" ಎಂದಳು. ಆಮೇಲೆ ಅವಳ ದನಿ ಬದಲಾಯಿತು. "ಅಲ್ಲಿ ಬಂದಿಲ್ಲೇನ್ರಿ ಮೇಡಂ?"

ಇನ್ನು ಮುಚ್ಚಿಡಲಾಗಲಿಲ್ಲ. ಭಂಡಾರದ ಆರತಿಯನ್ನೂ ಸೇರಿಸಿ ಎಲ್ಲ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ.

"ನಾಳೆ ನೀವು ಏನೂ ಮುಟ್ಟಬ್ಯಾಡ್ರಿ. ಅವ್ರ ಕೈಲೇನ ಮಾಡಿಸ್ರಿ" ಎಂದಳು.

ವಿದ್ಯಾರ್ಥಿನಿ ಗೈಡಿಗೆ ಆಜ್ಞೆ ಮಾಡಿದ್ದು ಅದೇ ಮೊದಲು. ಒಲೆಯ ಮೇಲಿನ ಚಹಾ ಅಷ್ಟರಲ್ಲಿ ಆರಿತ್ತು. ಮತ್ತೆ ಹಚ್ಚಿ ಕುದಿಸಿ ಎಲ್ಲರಿಗೂ ಕೊಟ್ಟೆ. ಹಾನ್ನಾ ಅವರ ಗಂಡ ಎರಡನೇ ಲೋಟ ಕೇಳಿದರು. ಮಾರೆಕ್ ಕುಡಿದು, ಚೆನ್ನಾಗಿದೆ, ಆದರೆ ಇದು ಚಹಾ ಅಲ್ಲ ಎಂದು ತೀರ್ಪು ಕೊಟ್ಟರು.

ಕೊನೆಯ ದಿನ

ಸೋಮವಾರ ನನ್ನನ್ನು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಉಗುರಿನ ಹಳದಿ ಇನ್ನೂ ಹೋಗಿರಲಿಲ್ಲ. ಎಲ್ಲಿ ಏನು ಮುಟ್ಟಿಬಿಡುತ್ತೇನೋ ಎಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕುಳಿತೆ. ಮಾರೆಕ್ ತಣ್ಣೀರಿಗೆ ಎಲೆ ಪುಡಿ ಹಾಕಿ ಒಲೆಯ ಮೇಲಿಟ್ಟರು. ಬಾಳಿನಲ್ಲಿ ಎಂದೂ ಮಾಡದ ಪಾಪ ಮಾಡುತ್ತಿರುವವರ ಮುಖ ಅವರದು. ಮೊದಲ ಉಕ್ಕು ಬಂದಾಗ ಅವರ ಕೈ ತಾನಾಗಿಯೇ ಗುಂಡಿಯ ಕಡೆ ಹೋಯಿತು. ನಾನು ಬೇಡ ಎಂದೆ. ಎರಡನೆಯದು ಬಂದಾಗ ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟರು. ನೀರು ಇಳಿಯುತ್ತ ಕಂದಾಗತೊಡಗಿತು. ಒಗರು ವಾಸನೆ ಎದ್ದು ಕಾರಿಡಾರಿಗೆ ಹೋಯಿತು. ಪಕ್ಕದ ಕೋಣೆಯ ಯಾರೋ ಬಾಗಿಲು ತೆರೆದು ಮೂಗು ಹಿಡಿದುಕೊಂಡು ಇಣುಕಿದರು. ನನಗೆ ನಮ್ಮ ಇತಿಹಾಸದ ಮೇಷ್ಟ್ರನ್ನು ನೋಡಿದಷ್ಟು ಸಂತೋಷವಾಯಿತು.

ಸೋಸಿ, ಆರಿಸಿ, ಹೊಸ ಫ್ಲಾಸ್ಕಿನಲ್ಲಿ ಬೆರೆಸಿದರು. ಮೊದಲು ನನಗೇ ಕಣ್ಣಿನ ಭ್ರಮೆ ಎನ್ನಿಸುವಷ್ಟು ತೆಳುವಾಗಿ ಹಳದಿ ಬಂತು, ಆಮೇಲೆ ನಮ್ಮ ಗುಡ್ಡದ ತಂಗಡಿ ಹೂವಿನಷ್ಟೇ ಹಳದಿಯಾಯಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾನ್ನಾ ಕಾಸ್ಟಿಕ್ ಸೋಡಾ ಹನಿಸಿ ನೋಡಿದರು, ಕೆಂಪಾಗಲಿಲ್ಲ. ಯಂತ್ರದಲ್ಲಿ ಗುಡ್ಡ ನೆಟ್ಟಗೆ ಎದ್ದಿತು. ಕೊನೆಗೆ ಪಾದರಸದ ನೀರಿನ ಹನಿ ಹಾಕಿದರು. ಹಳದಿ ಮಸುಕಾಯಿತು, ಇನ್ನೂ ಮಸುಕಾಯಿತು, ನೀರಾಯಿತು. ಬಂದ ಬಣ್ಣ ಹೋದದ್ದಕ್ಕೆ ನಾನು ಅಷ್ಟು ಹಿಗ್ಗಿದ್ದು ಅದೊಂದೇ ಸಲ. ಹಾನ್ನಾ ಬಂದು ತಬ್ಬಿಕೊಂಡರು. ಅಂಗೈಗಳು ಜೋಮು ಹಿಡಿದಿದ್ದರಿಂದ ನನಗೆ ತಿರುಗಿ ತಬ್ಬಿಕೊಳ್ಳಲು ಆಗಲಿಲ್ಲ.

ಮಾರೆಕ್ ಇನ್ನೊಮ್ಮೆ ಮಾಡಿದರು, ಮತ್ತೊಮ್ಮೆ ಮಾಡಿದರು. ಯಾರೂ ಹೇಳಿರಲಿಲ್ಲ, ಅವರಿಗೇ ಸಾಕೆನ್ನಿಸಲಿಲ್ಲ. ಆ ಉತ್ಸಾಹದಲ್ಲಿ ಯಾವಾಗಲೋ ಕೈಗವಸು ತೆಗೆದಿಟ್ಟಿದ್ದನ್ನು ಮರೆತಿದ್ದರು. ಮಧ್ಯಾಹ್ನ ಅವರು ಗಾಬರಿಯಿಂದ ತಮ್ಮ ತೋರುಬೆರಳನ್ನು ಸಾಬೂನು ಹಾಕಿ ತಿಕ್ಕುತ್ತಿದ್ದುದನ್ನು ಕಂಡೆ. ಅದು ಹೋಗುವುದಿಲ್ಲ ಎಂದು ಈ ಸಲ ಬಾಯಿ ಬಿಟ್ಟು ಹೇಳಿದೆ.

ಆಮೇಲೆ ರೇಣುಕಾಳಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು, ಕೈಯಲ್ಲೇ ಹಿಡಿದು ಕೂತಿರಬೇಕು. ಹಳದಿ ಬಂತು, ಪಾದರಸಕ್ಕೆ ಹೋಯಿತು, ಬಣ್ಣ ಬಂತು ಎಂದೇ ಹಾನ್ನಾ ಬರೆಯುತ್ತಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ಕೈ ಯಾರ್ದ್ರಿ ಮೇಡಂ?"

"ಮಾರೆಕ್ ಅಂತ ಇಲ್ಲಿಯವ್ರು. ನಾ ಏನೂ ಮುಟ್ಟಿಲ್ಲವ್ವ. ಅವ್ರ ಬೆರಳು ನಿನ್ನಂಗ ಕರ್ರಗಾಗೇತಿ."

ಆ ಕಡೆ ಬಳೆಗಳ ಸದ್ದು ಕೇಳಿಸಿತು. ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹಂಗಾದ್ರ ಅದು ಖರೇನ ಐತ್ರಿ" ಎಂದಳು.